ಜನವರಿಯಲ್ಲಿ ಜಕಾರ್ತಕ್ಕೆ

ಜನವರಿ ಅಂದ್ರೆ ನಮಗೆ ಸುಗ್ಗಿ. ಕಣದಲ್ಲಿ ರಾಶಿ ಇರುತ್ತದೆ. ಮಳೆಯ ಮಾತೇ ಇಲ್ಲ. ಅದೇ ತಿಂಗಳು ಜಕಾರ್ತದಲ್ಲಿ ಜೋರು ಮಳೆ!

ಜಕಾರ್ತ ಇಂಡೋನೇಷ್ಯಾ ದೇಶದ ದೊಡ್ಡ ನಗರ. ಜಾವಾ ದ್ವೀಪದ ಕಡಲ ದಂಡೆಯಲ್ಲಿದೆ. ಜೂನಿನಲ್ಲಿ ಗಾಳಿ ನಮಗೆ ಮಳೆ ತರುತ್ತದೆ. ಆಗ ಅಲ್ಲಿ ಒಣ ಹವೆ. ವರ್ಷದ ಕೊನೆಗೆ ಗಾಳಿಯ ದಿಕ್ಕು ಬದಲಾಗುತ್ತದೆ. ಕಡಲು ದಾಟಿ ಬಂದ ಆ ಗಾಳಿ ಜಾವಾದಲ್ಲಿ ಮಳೆ ಸುರಿಸುತ್ತದೆ.

ಮಗನೋ ಮಗಳೋ ಅಲ್ಲಿ ಕೆಲಸದಲ್ಲಿದ್ದಾರೆ, ನೋಡೋಕೆ ಹೋಗಬೇಕು ಅಂದ್ರೆ ಆಗಸ್ಟ್ ತಿಂಗಳು ಒಳ್ಳೇದು. ಜನವರಿಯಲ್ಲೇ ಹೋಗಬೇಕಾದರೆ? ಹೋಗಿ. ತಯಾರಿ ಇರಲಿ.

ಆ ಊರಿನೊಳಗೆ 13 ನದಿಗಳು ಹರಿಯುತ್ತವೆ. ಬೋರ್‌ವೆಲ್ ನೀರು ಎತ್ತಿ ಎತ್ತಿ ಉತ್ತರ ಭಾಗದಲ್ಲಿ ನೆಲವೇ ಕುಸಿಯುತ್ತಿದೆ. ಅಲ್ಲಿಯದು ಮೆತ್ತನೆ ಮಣ್ಣು ನೋಡಿ. 2020ರ ಜನವರಿ 1ರಂದು ಮನೆಗಳಿಗೆ ನೀರು ನುಗ್ಗಿತು. ಜಕಾರ್ತ ಮತ್ತು ಸುತ್ತಮುತ್ತ 60ಕ್ಕೂ ಹೆಚ್ಚು ಜನ ಸತ್ತರು. ಒಂದು ವಿಮಾನ ನಿಲ್ದಾಣವನ್ನೂ ಮುಚ್ಚಬೇಕಾಯಿತು.

ಪ್ರವಾಹಕ್ಕೆ ಅಲ್ಲಿ 'ಬಂಜಿರ್' ಅನ್ನುತ್ತಾರೆ. ಈ ಪದ ಕಲಿತುಕೊಳ್ಳಿ. ಕೋಣೆ ಹಿಡಿಯುವ ಮೊದಲು "ಇಲ್ಲಿ ಬಂಜಿರ್ ಬರುತ್ತಾ?" ಅಂತ ಕೇಳಿ. ಮೇಲಿನ ಮಹಡಿ ಸಿಕ್ಕರೆ ಒಳ್ಳೇದು. ವಾಪಸ್ಸು ಬರುವ ಮುಂಚೆ ಒಂದು ದಿನ ಖಾಲಿ ಇಟ್ಟುಕೊಳ್ಳಿ.

ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಇರಬೇಕು. ಆ ತಾರೀಖನ್ನು ಏಜೆಂಟರಿಗೆ ಬಿಡಬೇಡಿ, ನೀವೇ ಓದಿ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ರಸ್ತೆಯಲ್ಲಿ ನಿಂತ ನೀರಿನಲ್ಲಿ ಬರಿಗಾಲಲ್ಲಿ ನಡೀಬೇಡಿ. ಇಲಿಯ ಉಚ್ಚೆ ಸೇರಿದ ನೀರಿನಿಂದ ಇಲಿ ಜ್ವರ ಬರುತ್ತದೆ. ಕಾಲಲ್ಲಿ ಗಾಯ ಇದ್ದರಂತೂ ಬೇಡವೇ ಬೇಡ.

ಬರೆಯಿರಿ: ನಿಮ್ಮ ಊರಿಗೆ ಮಳೆ ಯಾವ ತಿಂಗಳು ಬರುತ್ತದೆ? ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ?