ಬೂಷ್ಟಿನ ಪರೀಕ್ಷೆ: ಮೊದಲು ನೀರಿನ ಜಾಡು, ಆಮೇಲೆ ಲ್ಯಾಬು

ಮಳೆಗಾಲ ಅರ್ಧ ಕಳೆಯುವ ಹೊತ್ತಿಗೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ವಾರ್ಡ್‌ರೋಬಿನಲ್ಲಿ ಬಟ್ಟೆಗೆಲ್ಲ ಬೂಷ್ಟು ಹಿಡಿದಿದೆ, ಮಗುವಿಗೆ ಕೆಮ್ಮು ಬಿಡುತ್ತಿಲ್ಲ, ಯಾರನ್ನೋ ಕರೆಸಿ ಗಾಳಿ ಪರೀಕ್ಷೆ ಮಾಡಿಸಿದೆವು, ವರದಿ ಅರ್ಥವಾಗುತ್ತಿಲ್ಲ. ವರದಿ ತೆರೆದರೆ ಲ್ಯಾಟಿನ್ ಹೆಸರುಗಳು, ಎದುರಿಗೆ ನಾಲ್ಕಂಕಿಯ ಸಂಖ್ಯೆಗಳು, ಕೊನೆಯಲ್ಲಿ ಕೆಂಪು ಅಕ್ಷರದ ‘ಅಪಾಯಕಾರಿ’ ಎಂಬ ಷರಾ. ನೀರು ಎಲ್ಲಿಂದ ಬರುತ್ತಿದೆ ಎಂಬ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಹಣ ತೆತ್ತು ಮಾಡಿಸಿದ ಪರೀಕ್ಷೆ ಹೀಗೆ ನೀರುಪಾಲಾಗಬಾರದು. ಅದಕ್ಕೇ ಈ ಲೇಖನ.

ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಸದಾ ತೇಲುತ್ತಿರುತ್ತವೆ, ಯಾವ ಮನೆಯೂ ಇದಕ್ಕೆ ಹೊರತಲ್ಲ. ಪ್ಲೈವುಡ್, ಕಾಗದ, ಬಟ್ಟೆ, ಗೋಡೆಗೆ ಅಂಟಿದ ದೂಳು, ಎಲ್ಲವೂ ಅವಕ್ಕೆ ಆಹಾರವೇ. ಕೊರತೆ ಇರುವುದು ತೇವದ್ದು ಮಾತ್ರ. ಒದ್ದೆಯಾದದ್ದನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬಹುತೇಕ ಬೂಷ್ಟು ಏಳುವುದಿಲ್ಲ ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ. ತೇವ ಮತ್ತು ಬೂಷ್ಟಿರುವ ಮನೆಗಳಲ್ಲಿ ಅಸ್ತಮಾ, ಉಸಿರಾಟದ ತೊಂದರೆಗಳು ಹೆಚ್ಚು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತೂ ಇದೆ: ಗಾಳಿಯಲ್ಲಿ ಇಷ್ಟಿದ್ದರೆ ಸುರಕ್ಷಿತ, ಇಷ್ಟಾದರೆ ಅಪಾಯ ಎಂದು ಸಂಖ್ಯೆಯಲ್ಲಿ ಗೆರೆ ಎಳೆಯಲು ಆಗುವುದಿಲ್ಲ. ‘ಮಿತಿ ಮೀರಿದೆ’ ಎಂಬ ವರದಿ ಕೈಗೆ ಬಂದರೆ, ಆ ಮಿತಿ ಹಾಕಿದವರು ಯಾರು ಎಂದು ಕೇಳಿ.

ಪರೀಕ್ಷೆ ಬೇಕೇ, ಬೇಡವೇ?

ಗೋಡೆಯ ಮೇಲೆ ಕಪ್ಪು, ಹಸಿರು ಮಚ್ಚೆ ಕಣ್ಣಿಗೆ ಕಾಣುತ್ತಿದ್ದರೆ ಸಾಮಾನ್ಯವಾಗಿ ಲ್ಯಾಬ್ ಬೇಡ. ಇದು ಇಪಿಎ ಸಲಹೆಯೂ ಹೌದು. ಯಾವ ಜಾತಿಯ ಬೂಷ್ಟಾದರೂ ಮಾಡಬೇಕಾದ ಕೆಲಸ ಒಂದೇ: ನೀರು ನಿಲ್ಲಿಸುವುದು, ಹಿಡಿದದ್ದನ್ನು ತೆಗೆಯುವುದು. ಆ ದುಡ್ಡನ್ನು ಒಳ್ಳೆಯ ಪ್ಲಂಬರ್‌ಗೆ ಕೊಡಿ.

ಮಾದರಿ ತೆಗೆಸುವುದು ಅಗತ್ಯವಾಗುವ ಸಂದರ್ಭಗಳು ಕಡಿಮೆ. ಕೋಣೆಯಲ್ಲಿ ಮುಗ್ಗಲು ವಾಸನೆ ಇದೆ, ಆದರೆ ಎಲ್ಲೂ ಏನೂ ಕಾಣುವುದಿಲ್ಲ. ಬಿಲ್ಡರ್ ಜೊತೆಗೋ ಮೇಲಿನ ಮನೆಯವರ ಜೊತೆಗೋ ತಕರಾರು ನಡೆದಿದೆ, ದಾಖಲೆ ಬೇಕು. ವೈದ್ಯರು ರೋಗಿಯ ಸ್ಥಿತಿ ನೋಡಿ ಕೇಳಿದ್ದಾರೆ. ಅಥವಾ ದೊಡ್ಡ ಮಟ್ಟದಲ್ಲಿ ಶುಚಿ ಮಾಡಿಸಿಯಾಗಿದೆ, ಕೆಲಸ ಸರಿಯಾಗಿದೆಯೇ ಎಂದು ತಿಳಿಯಬೇಕು. ಇವು ಬಿಟ್ಟರೆ ತಪಾಸಣೆ ಸಾಕು. ಅಂದರೆ ಅನುಭವಿಯೊಬ್ಬರು ಬಂದು ಮನೆಯನ್ನು ಒಳಗೂ ಹೊರಗೂ ನೋಡಿ, ತೇವ ಅಳೆದು, ಕಾರಣ ಬರೆದುಕೊಡುವುದು.

ಕರೆಸುವ ಮೊದಲು ನೀವೇ ಮಾಡಬೇಕಾದದ್ದು

ತಪಾಸಣೆಗೆ ಬರುತ್ತಾರೆಂದು ಹಿಂದಿನ ದಿನ ಗೋಡೆ ತಿಕ್ಕಿ, ಬ್ಲೀಚಿಂಗ್ ಪೌಡರ್ ಹಾಕಿ ಒರೆಸಬೇಡಿ. ಮನೆಗೆ ಯಾರೋ ಬರುತ್ತಾರೆ ಎಂದರೆ ಚೊಕ್ಕ ಮಾಡುವುದು ನಮ್ಮ ರೂಢಿ, ಆದರೆ ಇಲ್ಲಿ ಅದರಿಂದ ಅಳಿಸಿಹೋಗುವುದು ಸಾಕ್ಷ್ಯ. ಮಚ್ಚೆಯ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ. ಅಂಚಿಗೆ ಪೆನ್ಸಿಲ್ಲಿನಿಂದ ಗೆರೆ ಹಾಕಿ ತಾರೀಖು ಬರೆಯಿರಿ. ಮಳೆ ಬಂದ ಮರುದಿನ ಮಚ್ಚೆ ಗೆರೆ ದಾಟಿತೇ, ಬಚ್ಚಲು ಹೆಚ್ಚು ಬಳಸಿದ ದಿನ ದಾಟಿತೇ ಎಂದು ಗುರುತು ಹಾಕಿಕೊಳ್ಳಿ. ಎಷ್ಟೋ ಸಲ ಈ ಪೆನ್ಸಿಲ್ ಗೆರೆ ಉಪಕರಣಗಳಿಗಿಂತ ಹೆಚ್ಚು ಹೇಳುತ್ತದೆ.

ಇನ್ನು ಗೋಡೆಯ ಮೇಲಿನ ಬಿಳಿ ಪುಡಿ. ಅದನ್ನು ಬೂಷ್ಟೆಂದು ಹೆದರಿ ಪರೀಕ್ಷೆಗೆ ಓಡುವವರು ಬಹಳ. ಇಟ್ಟಿಗೆ, ಪ್ಲಾಸ್ಟರ್ ಒಳಗಿನ ಲವಣ ತೇವದ ಜೊತೆ ಹೊರಬಂದು, ನೀರು ಆರಿದ ಮೇಲೆ ಹರಳಾಗಿ ನಿಲ್ಲುವುದೇ ಅದು. ಬೆರಳಿನಿಂದ ಉಜ್ಜಿದರೆ ಗರಗರ ಎನ್ನುತ್ತದೆ. ಮೇಲೆ ಒಂದೆರಡು ಹನಿ ನೀರು ಹಾಕಿದರೆ ಸಾಮಾನ್ಯವಾಗಿ ಕರಗುತ್ತದೆ. ಬೂಷ್ಟು ಕರಗುವುದಿಲ್ಲ, ಮೆತ್ತಗೆ ಅಂಟಿಕೊಳ್ಳುತ್ತದೆ. ಉಪ್ಪೇ ಆಗಿದ್ದರೂ ಗೋಡೆಯಲ್ಲಿ ನೀರು ಓಡಾಡಿದೆ ಎಂದಾಯಿತು, ಹಾಗಾಗಿ ಸುಮ್ಮನಿರುವಂತಿಲ್ಲ.

ಮತ್ತೊಂದು ಸುಲಭ ಉಪಾಯ: ಒಂದೂವರೆ ಅಡಿ ಚೌಕದ ದಪ್ಪ ಪಾಲಿಥೀನ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚನ್ನು ಗಾಳಿ ನುಗ್ಗದಂತೆ ಟೇಪಿನಿಂದ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹನಿ ಹಾಳೆಯ ಹಿಂಬದಿಗೆ, ಗೋಡೆಯ ಕಡೆ ಕಟ್ಟಿದ್ದರೆ ತೇವ ಗೋಡೆಯೊಳಗಿನದು. ಕೋಣೆಯ ಕಡೆ ಕಟ್ಟಿದ್ದರೆ ಗಾಳಿಯಲ್ಲಿನ ತೇವ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತಿದೆ. ಮೊದಲನೆಯದಕ್ಕೆ ಮೇಸ್ತ್ರಿ ಅಥವಾ ಪ್ಲಂಬರ್ ಬೇಕು, ಎರಡನೆಯದಕ್ಕೆ ಕಿಟಕಿ, ಎಕ್ಸಾಸ್ಟ್ ಫ್ಯಾನು.

ಕರಾವಳಿಯ ಮನೆಗಳಲ್ಲಿ ಈ ಎರಡನೆಯ ಬಗೆ ಈಚೆಗೆ ಹೆಚ್ಚು ಕಾಣುತ್ತಿದೆ. ಹೊರಗೆ 30 ಡಿಗ್ರಿ ಸೆಕೆ, ಶೇ 80ರಷ್ಟು ಆರ್ದ್ರತೆ ಇದ್ದರೆ ಆ ಗಾಳಿ ಸುಮಾರು 26 ಡಿಗ್ರಿಯ ಮೇಲ್ಮೈಗೆ ತಾಗಿದರೂ ಸಾಕು, ನೀರು ಬಿಡುತ್ತದೆ. ಒಂದು ಕೋಣೆಯಲ್ಲಿ ಏಸಿಯನ್ನು 18ಕ್ಕೆ ಇಟ್ಟು ರಾತ್ರಿಯಿಡೀ ಓಡಿಸಿದರೆ, ಪಕ್ಕದ ಕೋಣೆಯ ಕಡೆಗಿನ ಗೋಡೆ ಬೆವರುತ್ತದೆ. ಬೂಷ್ಟು ಏಳುವುದು ಏಸಿ ಇಲ್ಲದ ಆ ಕೋಣೆಯಲ್ಲಿ! ಮನೆಯವರು ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ ಸುಸ್ತಾಗಿರುತ್ತಾರೆ.

ಯಾರನ್ನು ಕರೆಸಬೇಕು?

ಬೂಷ್ಟು ತೆಗೆಯುವ ಕೆಲಸವನ್ನೂ ತಾವೇ ಮಾಡುವ, ರಾಸಾಯನಿಕವನ್ನೋ ಬಣ್ಣವನ್ನೋ ಮಾರುವ ಕಂಪನಿಯಿಂದ ‘ಉಚಿತ ತಪಾಸಣೆ’ ಬೇಡ. ಇದು ನನ್ನ ಗಟ್ಟಿ ಅಭಿಪ್ರಾಯ. ನ್ಯೂಯಾರ್ಕ್ ರಾಜ್ಯದಲ್ಲಿ ತಪಾಸಣೆಗೂ ತೆಗೆಯುವ ಕೆಲಸಕ್ಕೂ ಬೇರೆ ಬೇರೆ ಪರವಾನಗಿ ಬೇಕು, ಒಂದೇ ಕಟ್ಟಡದ ಒಂದೇ ಕೆಲಸದಲ್ಲಿ ಎರಡನ್ನೂ ಒಬ್ಬರೇ ಮಾಡುವಂತಿಲ್ಲ. ನಮ್ಮಲ್ಲಿ ಈ ಕೆಲಸಕ್ಕೆಂದೇ ಅಂಥ ಪರವಾನಗಿ ಇಲ್ಲ, ಆದ್ದರಿಂದ ಆ ಎಚ್ಚರವನ್ನು ನಾವೇ ವಹಿಸಬೇಕು. ಕಟ್ಟಡದ ನೀರಿನ ಸಮಸ್ಯೆ ಬಲ್ಲ ಸಿವಿಲ್ ಎಂಜಿನಿಯರ್ ಸಿಕ್ಕರೆ ಅವರೇ ಮೇಲು. ಮಾದರಿ ಹೋಗುವ ಲ್ಯಾಬ್‌ಗೆ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂದಷ್ಟೇ ನೋಡಿದರೆ ಸಾಲದು. ಆ ಮಾನ್ಯತೆ ಕೊಡುವುದು ಲ್ಯಾಬಿನ ಒಂದೊಂದು ಪರೀಕ್ಷೆಗೆ. ಕುಡಿಯುವ ನೀರಿನ ಪರೀಕ್ಷೆಗೆ ಮಾನ್ಯತೆ ಪಡೆದ ಲ್ಯಾಬು ಅದೇ ಮುದ್ರೆ ತೋರಿಸಿ ಬೂಷ್ಟಿನ ವರದಿ ಕೊಟ್ಟರೆ ಒಪ್ಪಬೇಡಿ, ಮಾನ್ಯತೆಯ ವ್ಯಾಪ್ತಿಯ ಪಟ್ಟಿ ಕೇಳಿ.

ಬಂದವರು ಏನೇನು ನೋಡಬೇಕು?

ಒಳ್ಳೆಯ ತಪಾಸಣೆ ಹೊರಗಿನಿಂದ ಶುರುವಾಗುತ್ತದೆ. ಮಳೆ ಹೊಡೆಯುವ ದಿಕ್ಕಿನ ಗೋಡೆಯ ಬಿರುಕು, ಸಜ್ಜಾ ಮೇಲೆ ನಿಂತ ನೀರು, ತಾರಸಿಯ ಮಳೆನೀರಿನ ಪೈಪು, ಪಾಯಕ್ಕೆ ಒತ್ತಿಕೊಂಡ ಕೈತೋಟದ ಮಣ್ಣು. ಮಲೆನಾಡಿನ ಮುರಕಲ್ಲಿನ ಗೋಡೆಗೆ ಪ್ಲಾಸ್ಟರ್ ಇಲ್ಲದಿದ್ದರೆ ಮಳೆ ನೇರವಾಗಿ ಒಳಗಿಳಿಯುತ್ತದೆ. ಹಿರಿಯರು ಮಳೆಗಾಲಕ್ಕೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಅದಕ್ಕೇ. ಹಳೇ ಮನೆಯಲ್ಲಿ ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಮಾತ್ರ, ಅಡ್ಡಗೆರೆ ಎಳೆದ ಹಾಗೆ ತೇವವಿದ್ದರೆ ಅದು ಪಾಯದಿಂದ ಮೇಲೇರಿದ್ದು.

ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಮೊದಲು ನೋಡಬೇಕಾದ ಜಾಗ ಬಚ್ಚಲಿನ ಗೋಡೆಗೆ ಬೆನ್ನು ಕೊಟ್ಟ ವಾರ್ಡ್‌ರೋಬು. ಬಚ್ಚಲಿನ ನೆಲವನ್ನು ಸುಮಾರು ಒಂದಡಿ ತಗ್ಗಿಸಿ, ಪೈಪು ಹಾಯಿಸಿ, ಇಟ್ಟಿಗೆ ಚೂರು ತುಂಬಿ ಮೇಲೆ ಟೈಲ್ಸ್ ಹಾಕಿರುತ್ತಾರೆ. ಪೈಪಿನ ಜಾಯಿಂಟ್ ಜಿನುಗಿದರೆ ನೀರು ಆ ತುಂಬಿನಲ್ಲಿ ತಿಂಗಳುಗಟ್ಟಲೆ ನಿಂತು ಪಕ್ಕದ ಗೋಡೆ ಹಿಡಿದು ಏರುತ್ತದೆ. ವಾರ್ಡ್‌ರೋಬಿನ ಕೆಳಗಿನ ಖಾನೆ ಖಾಲಿ ಮಾಡಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ಹಿಂಬದಿಯ ಹಲಗೆ ನೋಡಬೇಕು. ಲ್ಯಾಮಿನೇಟ್ ಉಬ್ಬಿರುತ್ತದೆ, ಮೂಲೆಯಲ್ಲಿ ಟೀ ಬಣ್ಣದ ಕಲೆ ಇರುತ್ತದೆ, ಸ್ಕ್ರೂಡ್ರೈವರ್ ಒತ್ತಿದರೆ ಪ್ಲೈವುಡ್ ಒಳಕ್ಕೆ ಇಳಿಯುತ್ತದೆ. ಅನುಮಾನವಿದ್ದರೆ ಬಚ್ಚಲಿನ ಕಿಂಡಿ ಮುಚ್ಚಿ, ನೀರಿಗೆ ಬಟ್ಟೆಯ ನೀಲಿ ಬೆರೆಸಿ ಒಂದೆರಡು ಇಂಚು ಎತ್ತರಕ್ಕೆ ಒಂದು ದಿನ ನಿಲ್ಲಿಸಬೇಕು. ಕೆಳಗಿನ ಮನೆಯವರಿಗೆ ಮೊದಲೇ ಹೇಳಿಡಿ.

ತೇವ ಅಳೆಯುವ ಮೀಟರನ್ನು ಗೋಡೆಗೆ ಚುಚ್ಚಿದಾಗ ಬರುವ ಸಂಖ್ಯೆ ನೋಡಿ ಗಾಬರಿ ಬೇಡ. ಮುಳ್ಳಿನ ಮೀಟರನ್ನು ಸಾಮಾನ್ಯವಾಗಿ ಮರಕ್ಕೆಂದು ಹೊಂದಿಸಿರುತ್ತಾರೆ. ಪ್ಲಾಸ್ಟರಿನಲ್ಲಿ ಉಪ್ಪಿದ್ದರೆ ಒಣಗಿದ ಗೋಡೆಯೂ ಒದ್ದೆಯೆಂದು ತೋರಿಸುತ್ತದೆ. ಅದೇ ಮನೆಯ ಒಣಗೋಡೆಯೊಂದರ ಮೇಲೆ ಮೊದಲು ಅಳೆದು, ಅದರೊಂದಿಗೆ ಹೋಲಿಸಿಯೇ ಮಾತಾಡಬೇಕು. ಥರ್ಮಲ್ ಕ್ಯಾಮೆರಾ ತೋರಿಸುವುದು ತಣ್ಣಗಿರುವ ಜಾಗವನ್ನು, ನೀರನ್ನಲ್ಲ. ನೀಲಿ ಚಿತ್ರ ತೋರಿಸಿ ‘ಲೀಕೇಜ್’ ಎಂದರೆ, ಅದೇ ಜಾಗಕ್ಕೆ ಮೀಟರ್ ಹಿಡಿದು ತೋರಿಸಿ ಎನ್ನಿ.

ಗಾಳಿಯ ಮಾದರಿ: ಎಲ್ಲರೂ ಎಡವುವ ಜಾಗ

ಮಚ್ಚೆ ಕಾಣುವಲ್ಲಿ ಪಾರದರ್ಶಕ ಟೇಪ್ ಒತ್ತಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಸರಳ, ಅಗ್ಗ. ಮುಚ್ಚಳ ತೆರೆದಿಟ್ಟ ಪೆಟ್ರಿ ತಟ್ಟೆಯಲ್ಲಿ ಬೂಷ್ಟು ಬೆಳೆಸಿ ತೋರಿಸುವುದರಿಂದ ಏನೂ ತಿಳಿಯದು. ಯಾವ ಮನೆಯಲ್ಲಿ ಇಟ್ಟರೂ ಏನಾದರೂ ಬೆಳೆದೇ ಬೆಳೆಯುತ್ತದೆ.

ಗಾಳಿಯ ಮಾದರಿಗೆ ಸಣ್ಣ ಪಂಪು, ಅದರ ಬಾಯಿಗೆ ಅಂಟುಪಟ್ಟಿಯಿರುವ ಕ್ಯಾಸೆಟ್. ಸಾಮಾನ್ಯವಾಗಿ ನಿಮಿಷಕ್ಕೆ 15 ಲೀಟರಿನಂತೆ 5 ನಿಮಿಷ ಎಳೆಯುತ್ತಾರೆ. ಒಟ್ಟು 75 ಲೀಟರ್ ಗಾಳಿ. ಅದರಲ್ಲಿನ ಕಣಗಳು ಪಟ್ಟಿಗೆ ಅಂಟುತ್ತವೆ, ಲ್ಯಾಬಿನವರು ಎಣಿಸುತ್ತಾರೆ. ಎಣಿಸಿದ್ದನ್ನು ಒಂದು ಘನ ಮೀಟರಿಗೆ, ಅಂದರೆ 1,000 ಲೀಟರಿಗೆ ಹಿಗ್ಗಿಸುತ್ತಾರೆ. ಆಗ ಒಂದೇ ಒಂದು ಬೀಜಕಣ ವರದಿಯಲ್ಲಿ 13 ಆಗುತ್ತದೆ, ನಾಲ್ಕು 53 ಆಗುತ್ತವೆ. ಹಾಲ್‌ನಲ್ಲಿ 13, ಬೆಡ್‌ರೂಮಿನಲ್ಲಿ 53, ನಾಲ್ಕು ಪಟ್ಟು ಹೆಚ್ಚು ಎಂದು ವರದಿ ಬೊಬ್ಬೆ ಹಾಕಿದರೆ ನಿಜವಾಗಿ ಅಲ್ಲಿರುವ ವ್ಯತ್ಯಾಸ ಮೂರು ಕಣ. ಪಟ್ಟಿಯ ಕಾಲುಭಾಗವನ್ನಷ್ಟೇ ಎಣಿಸಿದ್ದರೆ ಒಂದು ಕಣವೇ 53. ಆದ್ದರಿಂದ ‘ಎಣಿಸಿದ ಮೂಲ ಸಂಖ್ಯೆ’ಯ ಅಂಕಣ ಇಲ್ಲದ ವರದಿಯನ್ನು ವಾಪಸ್ ಕಳಿಸಿ.

ಇದಕ್ಕಿಂತ ದೊಡ್ಡ ತಪ್ಪು ಮನೆಯ ಹೊರಗಿನ ಮಾದರಿ ತೆಗೆಯದಿರುವುದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬೆಡ್‌ರೂಮಿನಲ್ಲಿ 1,200 ಎಂದು ಬಂತು ಎಂದುಕೊಳ್ಳಿ. ಹೆಚ್ಚೋ, ಕಡಿಮೆಯೋ? ಅದೇ ಹೊತ್ತಿಗೆ ಅಂಗಳದಲ್ಲಿ 4,000 ಇದ್ದರೆ, ಅದೂ ಅದೇ ಜಾತಿಗಳದ್ದಾಗಿದ್ದರೆ, ಹೊರಗಿನ ಗಾಳಿ ಕಿಟಕಿಯಿಂದ ಬಂದಿದೆ ಅಷ್ಟೇ. ಹೊರಗೆ 300 ಇದ್ದರೆ ಒಳಗೆಲ್ಲೋ ಬೆಳೆಯುತ್ತಿದೆ ಎಂಬ ಅನುಮಾನಕ್ಕೆ ಬಲ ಬರುತ್ತದೆ. ಸಂಖ್ಯೆ ಒಂದೇ, ಅರ್ಥ ತದ್ವಿರುದ್ಧ. ಮನೆಯ ಹತ್ತಿರ ಹುಲ್ಲಿನ ಮೆದೆಯೋ, ಗೊಬ್ಬರದ ಗುಂಡಿಯೋ, ಕೊಳೆತ ಎಲೆಗಳ ರಾಶಿಯೋ ಇದ್ದರೆ ಹೊರಗಿನ ಲೆಕ್ಕ ಏರುತ್ತದೆ. ಮಳೆ, ಗಾಳಿ, ಬಿಸಿಲಿನ ಜೊತೆ ಅದು ಗಂಟೆಗಂಟೆಗೂ ಬದಲಾಗುತ್ತದೆ. ನಿನ್ನೆಯ ಹೊರಗಿನ ಲೆಕ್ಕವನ್ನೋ ಬೇರೆ ಬಡಾವಣೆಯ ಲೆಕ್ಕವನ್ನೋ ತಂದು ಇಂದಿನ ಒಳಗಿನದಕ್ಕೆ ಹೋಲಿಸಿದರೆ ನಡೆಯದು. ಅದೇ ದಿನ, ಅದೇ ಹೊತ್ತು, ಅದೇ ಪಂಪು, ಅಷ್ಟೇ ನಿಮಿಷ. ಮನುಷ್ಯ ಉಸಿರಾಡುವ ಎತ್ತರದಲ್ಲಿ, ಕಸದ ಬುಟ್ಟಿ ಮತ್ತು ಏಸಿಯ ಹೊರಘಟಕದಿಂದ ದೂರ. ಜೋರು ಮಳೆ ಸುರಿಯುವಾಗ ಬೇಡ. ಸಾಧ್ಯವಾದರೆ ದೂರಿಲ್ಲದ ಇನ್ನೊಂದು ಕೋಣೆಯಲ್ಲೂ ಒಂದು ಮಾದರಿ. ಖರ್ಚು ಉಳಿಸಲು ಹೊರಗಿನದನ್ನು ಬಿಡೋಣ ಎಂದು ಬಂದವರೇ ಸೂಚಿಸಿದರೆ ಪರೀಕ್ಷೆಯನ್ನೇ ಬಿಡಿ.

ಮಾದರಿಯ ಹಿಂದಿನ ರಾತ್ರಿಯಿಂದ ಕಿಟಕಿ ಮುಚ್ಚಿಡಿ, ಫ್ಯಾನು ಹಾಕಬೇಡಿ, ಬೆಳಿಗ್ಗೆ ಗುಡಿಸಬೇಡಿ.

ವರದಿ ಓದುವಾಗ

ಆಸ್ಪರ್ಜಿಲಸ್ ಮತ್ತು ಪೆನಿಸಿಲಿಯಂ ಕಣಗಳು ಸೂಕ್ಷ್ಮದರ್ಶಕದಲ್ಲಿ ಒಂದೇ ರೀತಿ ಕಾಣುವುದರಿಂದ ಜೊತೆಯಾಗಿ ಬರೆದಿರುತ್ತಾರೆ. ಹೊರಗಿಗಿಂತ ಒಳಗೆ ಇವು ಎದ್ದು ಕಾಣುವಷ್ಟು ಹೆಚ್ಚಿದ್ದರೆ ಗಮನ ಕೊಡಿ. ಕ್ಲಾಡೋಸ್ಪೋರಿಯಂ ಹೊರಗಿನ ಗಾಳಿಯಲ್ಲಿ ಎಲ್ಲೆಲ್ಲೂ ಸಿಗುವಂಥದ್ದು. ‘ವಿಷದ ಕಪ್ಪು ಬೂಷ್ಟು’ ಎಂದು ಹೆದರಿಸುವ ಸ್ಟ್ಯಾಕಿಬೋಟ್ರಿಸ್ ಬಹುಕಾಲ ಒದ್ದೆಯಾಗಿಯೇ ಇರುವ ಜಿಪ್ಸಂ ಬೋರ್ಡಿನ ಕಾಗದ, ಮರದ ನಾರಿನ ಹಲಗೆಗಳನ್ನು ಇಷ್ಟಪಡುತ್ತದೆ. ಫಾಲ್ಸ್ ಸೀಲಿಂಗ್ ಮೇಲೆ ಪೈಪು ಸೋರುತ್ತಿದೆಯೇ ನೋಡಿ. ಕಪ್ಪಗಿರುವುದೆಲ್ಲ ಅದಲ್ಲ.

ಆಮೇಲೆ

ನೀರು ನಿಂತ ಮೇಲೆಯೇ ಉಳಿದ ಕೆಲಸ. ಸುಮಾರು 10 ಚದರ ಅಡಿಗಿಂತ ಕಡಿಮೆ ಜಾಗವಾದರೆ ಎನ್‌95 ಮಾಸ್ಕ್, ಗ್ಲೌಸ್, ಕನ್ನಡಕ ಹಾಕಿಕೊಂಡು ಸೋಪಿನ ನೀರಿನಿಂದ ನೀವೇ ತೊಳೆಯಬಹುದು. ಅಸ್ತಮಾ ಇರುವವರು ದೂರವಿರಲಿ. ಮೆದುವಾದ ಪ್ಲೈವುಡ್, ಪಾರ್ಟಿಕಲ್ ಬೋರ್ಡು, ಹಾಸಿಗೆಯನ್ನು ಉಳಿಸಿಕೊಳ್ಳಲು ಹೋಗಬೇಡಿ. ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ಆ್ಯಸಿಡ್ ಯಾವ ಕಾರಣಕ್ಕೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ದೊಡ್ಡ ಕೆಲಸವಾದರೆ ಮುಗಿದ ಮೇಲೆ ಮೊದಲ ತಪಾಸಕರನ್ನೇ ಕರೆಸಿ, ಅದೇ ಗುರುತುಗಳಲ್ಲಿ ಮೀಟರ್ ಇಡಿಸಿ. ಮೀಟರ್ ಒಣಗೋಡೆಯ ಮಟ್ಟಕ್ಕೆ ಇಳಿಯುವ ತನಕ ಪುಟ್ಟಿ, ಬಣ್ಣದವರಿಗೆ ಮುಂಗಡ ಕೊಡಬೇಡಿ.