ಹಿಮನದಿಯ ನೀರೂ ವಿದ್ಯುತ್ತಿನ ಕಾಲುವೆಯೂ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ದಕ್ಷಿಣ ಆಲ್ಪ್ಸ್ ಪರ್ವತಗಳ ಪೂರ್ವದ ತಪ್ಪಲಿನಲ್ಲಿ, ಟೆಕಪೊ ಮತ್ತು ಪುಕಾಕಿ ಎಂಬ ಎರಡು ಸರೋವರಗಳುಂಟು. ಅವುಗಳ ನೀರು ಹಾಲು ಬೆರೆತಂಥ ಹಸುರುನೀಲಿ. ಈ ಚೆಲುವಿಗೆ ಕಾರಣ ಹಿಮನದಿಗಳು. ಹಿಮದ ಭಾರವಾದ ರಾಶಿಯು ಮೆಲ್ಲಮೆಲ್ಲನೆ ಕೆಳಕ್ಕೆ ಜರುಗುವಾಗ, ಬೀಸುವ ಕಲ್ಲು ಕಾಳನ್ನು ಅರೆಯುವಂತೆ ತಳದ ಬಂಡೆಯನ್ನು ಅರೆದು ಹಿಟ್ಟುಮಾಡುತ್ತದೆ. ಕರಗಿದ ನೀರಿನೊಡನೆ ಸರೋವರವನ್ನು ಸೇರಿದ ಈ ನುಣ್ಣನೆಯ ಕಲ್ಲುಹಿಟ್ಟು ಬೇಗ ತಳಕ್ಕಿಳಿಯದು. ನೀರು ಬೆಳಕಿನ ಕೆಂಪನ್ನು ಹೀರಿಕೊಳ್ಳಲು, ಹಿಟ್ಟಿನ ಕಣಗಳು ಉಳಿದ ನೀಲಿ ಹಸುರುಗಳನ್ನು ಚದರಿಸಿ ನಮ್ಮ ಕಣ್ಣಿಗೆ ಕಳುಹುತ್ತವೆ.

ಜಲವಿದ್ಯುತ್ತಿಗೆ ಬೇಕಾದುವು ಎರಡು: ನೀರು ಮತ್ತು ಎತ್ತರ. ಒಂದು ಘನಮೀಟರ್ ನೀರು 100 ಮೀಟರ್ ಇಳಿದು ಟರ್ಬೈನನ್ನು ತಿರುಗಿಸಿದರೆ ಸುಮಾರು ಕಾಲು ಯೂನಿಟ್ ವಿದ್ಯುತ್ತು ದೊರೆಯುವುದು. ಟೆಕಪೊ ಸರೋವರವು ಸಮುದ್ರಮಟ್ಟಕ್ಕಿಂತ ಸುಮಾರು 710 ಮೀಟರ್ ಎತ್ತರದಲ್ಲಿದೆ. ಪುಕಾಕಿಯು ಅದಕ್ಕಿಂತ ಸುಮಾರು 180 ಮೀಟರ್ ತಗ್ಗಿನಲ್ಲಿದೆ.

ನದಿಯೇ ಇರುವಾಗ ಕಾಲುವೆ ಏಕೆ ಎಂದು ವಾಚಕರು ಕೇಳಬಹುದು. ನದಿಯು ತನ್ನ ಎತ್ತರವನ್ನು ಹೆಜ್ಜೆಹೆಜ್ಜೆಗೂ ಕಲ್ಲುಗಳ ಮೇಲೆ ಚಿಲ್ಲರೆಯಾಗಿ ವ್ಯಯಮಾಡಿಬಿಡುತ್ತದೆ. ಕಾಲುವೆಯಾದರೋ ಅತ್ಯಲ್ಪ ಇಳಿಜಾರಿನಲ್ಲಿ ಸಾಗಿ ಎತ್ತರವನ್ನು ಉಳಿಸಿಕೊಳ್ಳುತ್ತದೆ. ಟೆಕಪೊದ ನೀರು 1951ರಲ್ಲಿ ಆರಂಭವಾದ ಮೊದಲ ವಿದ್ಯುದಾಗಾರವನ್ನು ಸುರಂಗದ ಮೂಲಕ ಹಾಯ್ದು, ಅಲ್ಲಿಂದ ಸುಮಾರು 25 ಕಿಲೋಮೀಟರ್ ಕಾಲುವೆಯಲ್ಲಿ ಹರಿದು, ಪುಕಾಕಿಯ ಮೇಲಣ ದಿಬ್ಬವನ್ನು ಮುಟ್ಟುತ್ತದೆ. ಅಲ್ಲಿ ಕೊಳವೆಗಳಲ್ಲಿ ಒಮ್ಮೆಗೇ ಧುಮುಕಿ, 1977ರಲ್ಲಿ ಆರಂಭವಾದ 160 ಮೆಗಾವಾಟ್‌ಗಳ ಎರಡನೆಯ ಆಗಾರವನ್ನು ನಡೆಸುತ್ತದೆ. ಹೀಗೆ ಕಡಲನ್ನು ಸೇರುವ ಮುನ್ನ ಅದೇ ನೀರು ಎಂಟು ವಿದ್ಯುದಾಗಾರಗಳಲ್ಲಿ ದುಡಿಯುವುದು.

ಸರೋವರಗಳ ಉಪಕಾರವೂ ಕಡಮೆಯದಲ್ಲ. ಚಳಿಗಾಲದಲ್ಲಿ ವಿದ್ಯುತ್ತಿನ ಬೇಡಿಕೆ ಹೆಚ್ಚು. ಆದರೆ ಆಗ ಬೆಟ್ಟದ ನೀರು ಹಿಮವಾಗಿ ಕಟ್ಟಿಕೊಂಡಿರುತ್ತದೆ. ಬೇಸಗೆಯಲ್ಲಿ ಕರಗಿ ಬಂದುದನ್ನು ಕಣಜದಂತೆ ಕೂಡಿಡುವುವು ಈ ಸರೋವರಗಳೇ.

ಈ ಲಾಭಕ್ಕೆ ಬೆಲೆ ತೆತ್ತುದು ನದಿ. ಅಣೆಕಟ್ಟಿನ ಕೆಳಗೆ ಪುಕಾಕಿ ನದಿಯ ಪಾತ್ರವು ಬಹುಕಾಲ ಬರಿದಾಗಿರುತ್ತದೆ. ಹೆಣೆದ ಜಡೆಯಂತೆ ಹರಿಯುವ ಇಂಥ ನದಿಗಳ ಮರಳುಗಲ್ಲುಗಳ ನಡುವೆ ಗೂಡುಕಟ್ಟುವ ‘ಕಾಕೀ’ ಎಂಬ ಕಪ್ಪು ಹಕ್ಕಿಯು, ನೆಲೆಯ ನಾಶದಿಂದಲೂ ಹೊರಗಿನಿಂದ ಬಂದ ಬೆಕ್ಕು, ಫೆರೆಟ್‌ನಂಥ ಬೇಟೆಪ್ರಾಣಿಗಳಿಂದಲೂ ಕ್ಷೀಣಿಸಿ, 1981ರಲ್ಲಿ ಕೇವಲ 23ಕ್ಕೆ ಇಳಿದಿತ್ತು. 1991ರಿಂದ ವಿದ್ಯುತ್ ಸಂಸ್ಥೆಗಳ ಹಣದ ನೆರವಿನಿಂದ ಈ ನದೀಪಾತ್ರಗಳ ರಕ್ಷಣೆ ನಡೆದಿದೆ.

ಇನ್ನೊಂದು ಚಿಂತೆಯೂ ಉಂಟು. ಪುಕಾಕಿಗೆ ನೀರೂಡುವ ಟಾಸ್ಮನ್ ಹಿಮನದಿಯು ಹಿಂದೆ ಸರಿಯುತ್ತಲಿದೆ; ಅದರ ಕೊನೆಯಲ್ಲಿ 1970ರ ದಶಕದಲ್ಲಿ ತಲೆದೋರಿದ ಕೊಳಗಳು ಕೂಡಿ ಇಂದು ಹಲವು ಕಿಲೋಮೀಟರ್ ಉದ್ದದ ಸರೋವರವಾಗಿದೆ. ವರ್ಷವರ್ಷವೂ ಬೀಳುವ ಮಳೆಹಿಮಗಳನ್ನು ಬಡ್ಡಿಯೆಂದರೆ ಹಿಮನದಿಯು ಮೂಲಧನ. ಮೂಲಧನವೇ ಕರಗುವಾಗ ಕೆಲಕಾಲ ಕೈತುಂಬ ನೀರು ಬರುವುದುಂಟು. ಅದನ್ನು ಸಮೃದ್ಧಿಯೆಂದು ನಾವು ಎಣಿಸಲಾಗದು.