ಘನತ್ಯಾಜ್ಯ ಘಟಕಗಳ ಅನುಮತಿ ಮತ್ತು ನವೀಕರಣ: ಚಿತ್ರದುರ್ಗದ ನಿದರ್ಶನ

ವೇದಾವತಿಯ ದಡದ ಹಿರಿಯೂರಿನಲ್ಲಾಗಲಿ, ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುವ ಚಿತ್ರದುರ್ಗದಲ್ಲಾಗಲಿ, ಕಸದ ಭೂಭರ್ತಿಗೆ ನೆಲವನ್ನರಸುವ ಸ್ಥಳೀಯ ಸಂಸ್ಥೆಯು ಮೊದಲು ಅಳೆಯತಕ್ಕದ್ದು ದೂರವನ್ನು. ಏಕೆಂದರೆ 1986ರ ಪರಿಸರ ಸಂರಕ್ಷಣಾ ಅಧಿನಿಯಮದನ್ವಯ 2016ರ ಏಪ್ರಿಲ್ 8ರಂದು ಪ್ರಕಟವಾದ ಘನತ್ಯಾಜ್ಯ ನಿರ್ವಹಣಾ ನಿಯಮಾವಳಿಯು ನದಿಯಿಂದ 100 ಮೀಟರ್, ಕೊಳ, ಹೆದ್ದಾರಿ, ಜನವಸತಿ ಹಾಗೂ ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ಅಂತರವನ್ನು ವಿಧಿಸಿತು.

ಅನುಮತಿ: ದಿನವೊಂದಕ್ಕೆ 5 ಮೆಟ್ರಿಕ್ ಟನ್ನನ್ನು ಮೀರಿದ ತ್ಯಾಜ್ಯದ ಸಂಸ್ಕರಣೆ ಅಥವಾ ವಿಲೇವಾರಿಗೆ ನಮೂನೆ 1ರಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಸಲ್ಲಿಸಬೇಕಾಗಿದ್ದಿತು. ಸಂಬಂಧಪಟ್ಟ ಇಲಾಖೆಗಳಿಗೆ ಅಭಿಪ್ರಾಯ ತಿಳಿಸಲು ನಾಲ್ಕು ವಾರಗಳ ಅವಕಾಶವಿತ್ತು. ಮಂಡಳಿಯು 60 ದಿನಗಳೊಳಗೆ ನಮೂನೆ 2ರಲ್ಲಿ ಅಧಿಕಾರಪತ್ರವನ್ನೀಯುವುದು ವಿಧಿಯಾಗಿದ್ದಿತು.

ನವೀಕರಣ: ಅವಧಿ ಮುಗಿಯುವುದಕ್ಕೆ ಕನಿಷ್ಠ 60 ದಿನ ಮೊದಲೇ ಅರ್ಜಿ ಸಲ್ಲಿಸಬೇಕಾಗಿದ್ದಿತು; ಷರತ್ತುಗಳೆಲ್ಲ ಪಾಲಿತವಾಗಿದ್ದಲ್ಲಿ, ಗುಣದೋಷಗಳನ್ನು ಪರಿಶೀಲಿಸಿದ ತರುವಾಯ, ಮುಂದಿನ 5 ವರ್ಷಗಳಿಗೆ ನವೀಕರಣವಾಗುತ್ತಿದ್ದಿತು. ಷರತ್ತು ಮುರಿದವರ ಅಧಿಕಾರಪತ್ರವನ್ನು ನೋಟಿಸು ನೀಡಿ ಅಮಾನತಿನಲ್ಲಿಡಲೂ ರದ್ದುಪಡಿಸಲೂ ಮಂಡಳಿಗೆ ಅಧಿಕಾರವಿತ್ತು.

ಗಮನಿಸಿ: ಚಿತ್ರದುರ್ಗದ ನಗರಸಭೆಯಾಗಲಿ, ಹೊಸದುರ್ಗದ ಪುರಸಭೆಯಾಗಲಿ, ಘಟಕದ ಹೊಣೆ ಸ್ಥಳೀಯ ಸಂಸ್ಥೆಯದಾಗಿದ್ದಿತು, ಅಧಿಕಾರಪತ್ರವನ್ನೀಯುತ್ತಿದ್ದುದು ಮಾತ್ರ ಮಂಡಳಿ. ಪರೀಕ್ಷಾರ್ಥಿಗಳು ಎಡವುವುದು ಬಹುಶಃ ಇಲ್ಲಿಯೇ. 2016ರ ನಿಯಮಾವಳಿಗೆ ಪೂರ್ವದಲ್ಲಿದ್ದುದು 2000ದ ನಗರ ಘನತ್ಯಾಜ್ಯ ನಿಯಮಾವಳಿ.